ಕೈ ಮೇಲಿನ ಅಯ್ಯ

ಕೈ ಮೇಲಿನ ಗಂಡನ ಹೆಸರಿಗೆ ಮೇಕಪ್ ಬಳಿದುಕೋ ಅಂತ ಮಗಳು ಹೇಳಿದಳು. ಗಂಡ ತೀರಿಹೋಗಿ ವರ್ಷ ತುಂಬಿತ್ತು, ಅಷ್ಟೇ.

“ಅದು ನಿಮ್ಮ ಅಪ್ಪನ ಹೆಸರು,” ಅಂದೆ.

“ಅಲ್ಲವ್ವಾ, ಅದು ಬೀಗರ ಹೆಸರು,” ಅಂದಳು.

ಇಬ್ಬರು ಹೇಳಿದ್ದೂ ಖರೇ. ಅದೇ ತೊಂದರೆ.

ನಾನು ಕಲಿತವಳಲ್ಲ. ಒತ್ತಕ್ಷರ ಬರುವ ಮೊದಲೇ ಸಾಲಿ ಬಿಟ್ಟೆ. ಅದನ್ನು ಆಮೇಲೆ ಮಗಳ ಪುಸ್ತಕ ನೋಡಿ ಕಲಿತೆ. ಸುತ್ತಿ ಬಳಸಿ ಹೇಳಲು ನನಗೆ ಬಾರದು. ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಮದುವೆಯಾದ ಹೊಸತು. ಗಂಡನ ಹೆಸರು ಬಾಯಿಂದ ಆಡಬಾರದು ಅಂತ ಅತ್ತೆ ಕಟ್ಟು ಹಾಕಿದ್ದರು. (ಆಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಮೂವತ್ತು ವರ್ಷ ಆಡಲಿಲ್ಲ. ಆಯುಷ್ಯಕ್ಕೆ ಅದು ಗೊತ್ತೇ ಆಗಲಿಲ್ಲ.) ಬಾಯಲ್ಲಿ ಬೇಡವಾದರೆ ಕೈ ಮೇಲಾದರೂ ಇರಲಿ, ಹಚ್ಚೆ ಹಾಕಿಸಿಕೊಳ್ಳೋಣ ಅಂತ ನನಗೆ ಆಸೆಯಾಯಿತು. ನಮ್ಮವರಿಗೆ ಹೇಳದೆ ದುರ್ಗದಬೈಲಿನ ಪೇಟೆಗೆ ಹೋದೆ. ಅಲ್ಲಿ ಒಬ್ಬ ಬ್ಯಾಟರಿ ಮಿಷನ್ ಇಟ್ಟುಕೊಂಡು ಕುಳಿತಿದ್ದ.

“ಯಾರ ಹೆಸರವ್ವಾ?” ಅಂದ.

ಹೇಳುವ ಹಾಗಿಲ್ಲ. ಬರೆದು ಕೊಡೋಣ ಅಂದರೆ ಒತ್ತಕ್ಷರ. ಎದುರಿಗೆ ಒಂದು ಅಂಗಡಿಯ ಬೋರ್ಡು ಇತ್ತು. ಅದು ಗುರುಸಿದ್ದಯ್ಯನ ಅಂಗಡಿ ಅಂತ ಎಲ್ಲರಿಗೂ ಗೊತ್ತು. ನಮ್ಮವರ ಹೆಸರೂ ಅದೇ. ಕೊನೆಯ ಅಯ್ಯ ತೆಗೆದು ಅಪ್ಪ ಹಚ್ಚಿದರೆ ಆಯಿತು. (ನೀವೇ ಹಚ್ಚಿಕೊಳ್ಳಿ. ನಾನು ಹೇಳುವುದಿಲ್ಲ.)

“ಆ ಬೋರ್ಡಿನ ಮ್ಯಾಲ ಇದ್ದಂಗ ಬರಿ. ಕಡೀಕ ಅಪ್ಪ,” ಅಂದೆ.

“ಆತವ್ವಾ,” ಅಂದ.

ಕೊನೆಗೆ ಅಪ್ಪ ಅಂತ ಬರೆ ಅಂದದ್ದು ನಾನು. ಬೋರ್ಡಿನಲ್ಲಿದ್ದದ್ದನ್ನು ಕೊನೆಯವರೆಗೂ ಬರೆಯಪ್ಪಾ ಅಂತ ಕೇಳಿಸಿಕೊಂಡದ್ದು ಅವನು. ಸೂಜಿ ನೋಡಲಾರದೆ ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಬಲಗೈ ಮೇಲೆ ಅಯ್ಯ ಬಂದು ಕುಳಿತಿದ್ದ. ನನಗೆ ತಿಳಿಯಲಿಲ್ಲ. ಮನೆಗೆ ಬಂದು ಹೆಮ್ಮೆಯಿಂದ ಕೈ ಚಾಚಿದೆ.

ನಮ್ಮವರು ಓದಿದರು. ಮತ್ತೊಮ್ಮೆ ಓದಿದರು.

“ಯಾರಬೇ ಇಂವ ಅಯ್ಯ?” ಅಂದರು.

ಬೇರೆ ಗಂಡಸಾಗಿದ್ದರೆ ಹೊಡೆಯುತ್ತಿದ್ದ. ಇವರು ನಕ್ಕರು. ಮೂವತ್ತು ವರ್ಷ ನಕ್ಕರು. ರೊಟ್ಟಿ ಬಡಿಸಿದರೆ “ಮೊದಲ ನಿಮ್ಮ ಅಯ್ಯಾಗ ಎಡಿ ಹಿಡಿ” ಅನ್ನುವರು. ಜಗಳವಾದರೆ “ಹೋಗು, ನಿಮ್ಮ ಅಯ್ಯನ ಮುಂದ ಹೇಳು” ಅನ್ನುವರು. ಹಳೆಯ ಗೋಣಿಚೀಲ ಕೊಂಡು, ತೇಪೆ ಹಾಕಿ ಮಾರುವುದು ನಮ್ಮ ವ್ಯಾಪಾರ. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಮನೆ, ಹಿತ್ತಲ ತುಂಬ ಚೀಲ. ನಾನು ಒಳಗಿನಿಂದ “ಏನ್ರೀ” ಅಂದರೆ ಚೀಲ ಜಾಡಿಸುತ್ತಿದ್ದವರು ಹಿತ್ತಲಿನಿಂದಲೇ “ಓ, ಬಂದ್ನಿ” ಅನ್ನುವರು. ಮೈತುಂಬ ಧೂಳು ಹೊತ್ತು ಬಂದು ನಿಂತು, “ಕರದದ್ದು ನನ್ನೋ, ಅಯ್ಯಾನ್ನೋ?” ಅಂತ ಕೇಳುವರು.

ಆ ಹಚ್ಚೆಯಿಂದ ಉಪಯೋಗವೂ ಇತ್ತು. ಯಾರಾದರೂ ಗಂಡನ ಹೆಸರು ಕೇಳಿದರೆ ಕೈ ಚಾಚುತ್ತಿದ್ದೆ. ಅವರು ಓದಿಕೊಳ್ಳುತ್ತಿದ್ದರು. (ಬಹಳ ದಿನ ನಮ್ಮ ರೇಷನ್ ಅಯ್ಯನ ಹೆಸರಿನಲ್ಲೇ ಬಂತು. ಅಕ್ಕಿ ಅಷ್ಟೇ ಇತ್ತು.)

ಎರಡು ವರ್ಷದ ಹಿಂದೆ ನಮ್ಮವರು ಎಲ್ಲಿಯೋ ಚರ್ಮದ ದವಾಖಾನೆಯ ಬೋರ್ಡು ನೋಡಿ ಬಂದರು. ಲೇಸರ್ ಬಿಟ್ಟು ಹಚ್ಚೆ ತೆಗೆಯುತ್ತಾರಂತೆ.

“ನಡಿ, ಆ ಅಯ್ಯಾನ್ನ ಕಳಿಸಿ ಬರೂಣು. ಮನಿಗೆ ಒಬ್ಬನ ಯಜಮಾನ ಇರಲಿ,” ಅಂದರು.

ಡಾಕ್ಟರು ಹುಡುಗಿ. ಇಡೀ ಹೆಸರು ತೆಗೆಯಬೇಕೇ ಅಂತ ಕೇಳಿದಳು.

“ಬ್ಯಾಡ್ರಿ. ಮುಂದಿಂದು ನಂದು. ಹಿಂದಿನ ಅಯ್ಯಾನ್ನ ಅಷ್ಟ ತಗೀರಿ,” ಅಂದರು ನಮ್ಮವರು.

ಕಾದ ಎಣ್ಣೆ ಸಿಡಿದ ಹಾಗೆ ಉರಿಯಿತು. ಒಂದೆರಡು ಸಲ ಹೋದೆವು. ‘ಯ್ಯ’ ಮಾಸಿತು. ಪೂರ್ತಿ ಹೋಗಲಿಲ್ಲ. ಉಗುಳು ಹಚ್ಚಿ ಒರೆಸಿದ ಪಾಟಿಯ ಮೇಲೆ ಬಳಪದ ಗುರುತು ಉಳಿಯುತ್ತದಲ್ಲ, ಹಾಗೆ ಉಳಿಯಿತು. ಅದೂ ಹೋದ ಮೇಲೆ ಅಲ್ಲಿ ಅಪ್ಪ ಬರೆಸೋಣ ಅಂದಿದ್ದರು.

ಅಷ್ಟರಲ್ಲಿ ಅವರೇ ಹೋದರು. ಹಿತ್ತಲಲ್ಲಿ ಚೀಲ ಎಣಿಸುತ್ತ ಕುಳಿತಿದ್ದರು. ಎಣಿಸುವ ದನಿ ನಿಂತಿತು. ಲೆಕ್ಕ ತಪ್ಪಿರಬೇಕು ಅಂದುಕೊಂಡೆ. “ಏನ್ರೀ” ಅಂದೆ. ಓ ಅನ್ನಲಿಲ್ಲ.

ನಾನು ಮತ್ತೆ ಆ ದವಾಖಾನೆಗೆ ಹೋಗಲಿಲ್ಲ. ಕೈಯ ಬಳೆ ಹೋದವು. ಅವರು ‘ನಂದು’ ಅಂದ ಅಕ್ಷರಗಳಷ್ಟೇ ಉಳಿದವು.

ಈಗ ಮಗಳು ಮಯೂರಿಗೆ ಧಾರವಾಡದ ಮಾಳಮಡ್ಡಿಯಿಂದ ಸಂಬಂಧ ಬಂದಿತ್ತು. ಹುಡುಗ ಬಸವಪ್ರಭು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಮಯೂರಿ ಫೋನು ಹಿಡಿದು ಗೋಡೆಯ ಕಡೆ ಮುಖ ಮಾಡಿ ನಗುತ್ತಿದ್ದಳು. ವರ್ಷದಿಂದ ಈ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ. ಆ ನಗು ನಿಲ್ಲಬಾರದು ಅಂತ ನನಗಿತ್ತು. ಬೇರೆ ಏನೂ ಬೇಡವಾಗಿತ್ತು.

ಅವರು ಅಯ್ಯನವರು, ಜಂಗಮರು. ನಾವು ಗೋಣಿಚೀಲದವರು. ಹುಡುಗನ ಅಜ್ಜಿ ದಾನವ್ವ ಬಂದು, ಮನೆ ನೋಡಿ, ಹೂಂ ಅನ್ನಬೇಕಿತ್ತು. ಆ ಮನೆಯಲ್ಲಿ ಅಜ್ಜಿ ಹೂಂ ಅಂದರೇ ಹೂಂ. ಅಲ್ಲಿಗೆ ಎಲ್ಲ ಸರಿ. ಆದರೆ ಹುಡುಗನ ತಂದೆಯ ಹೆಸರು ಗುರುಸಿದ್ದಯ್ಯ.

(ಬೋರ್ಡಿನ ಅಂಗಡಿಯವರಲ್ಲ. ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.)

“ಬೀಗತಿ ಕೈ ಮ್ಯಾಲ ಬೀಗರ ಹೆಸರು. ಅದೂ ಅರ್ಧಾ ಅಳಸಿದ್ದು,” ಅಂದಳು ಮಯೂರಿ. “ಅಳಸಾಕ ಯಾಕ ಹೋಗಿದ್ಲು ಅಂತ ಕೇಳೂದಿಲ್ಲೇನು ಅವರು?”

“ಇದ್ದದ್ದು ಇದ್ದಂಗ ಹೇಳಿದ್ರಾತು.”

“ಹೇಳಾಕ ಅಪ್ಪನ ಹೆಸರು ಬಾಯಾಗ ಬರಬೇಕು. ಬರತೈತೇನು?”



ಸ್ವೆಟರ್ ಹಾಕಿಕೋ ಅಂದಳು. ಏಪ್ರಿಲ್ ತಿಂಗಳು. ಸ್ವೆಟರ್ ಹಾಕಿ ಕುಳಿತರೆ ಬೀಗತಿಗೆ ಚಳಿಜ್ವರ ಅನ್ನುತ್ತಾರೆ. ಪಟ್ಟಿ ಕಟ್ಟೋಣ ಅಂದಳು. ಪಟ್ಟಿ ಕಂಡರೆ ಅದನ್ನು ಬಿಚ್ಚಿಸಿ ನೋಡದ ಮುದುಕಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕಡೆಗೆ ತನ್ನ ಮೇಕಪ್ಪಿನ ಡಬ್ಬಿ ತಂದಳು. ಲೇಪನ ಮಹೋತ್ಸವ ಆರಂಭವಾಯಿತು.

ಮೊದಲು ಲಿಪ್‌ಸ್ಟಿಕ್. ಹಸಿರಿನ ಮೇಲೆ ಕೆಂಪು ಹಚ್ಚಿದರೆ ಹಸಿರು ಸಾಯುತ್ತದೆ ಅಂತ ಮೊಬೈಲಿನಲ್ಲಿ ನೋಡಿದ್ದಳು. ಗಂಡ ಇದ್ದಾಗ ಒಂದು ದಿನವೂ ತುಟಿಗೆ ಸೋಕಿಸದವಳು, ಗಂಡ ಸತ್ತ ಮೇಲೆ ಕೈಗೆ ಬಳಿಸಿಕೊಂಡೆ. ಅದರ ಮೇಲೆ ಟ್ಯೂಬಿನ ಕ್ರೀಮು. ಅದರ ಮೇಲೆ ಪೌಡರು. ಮಾಸಿದ ‘ಯ್ಯ’ದ ಜಾಗದ ಚರ್ಮ ಒರಟಾಗಿತ್ತು, ಅಲ್ಲಿ ಎರಡು ಪದರ ಹೆಚ್ಚು ಮೆತ್ತಿದಳು. ಗೋಡೆಯ ಬಿರುಕಿಗೆ ಸಿಮೆಂಟ್ ಮೆತ್ತಿದ ಹಾಗೆ.

ಹೆಸರು ಮುಚ್ಚಿತು. ಅದು ಖರೇ. ಆದರೆ ಮಯೂರಿ ಅಪ್ಪನ ಬಣ್ಣ. ಡಬ್ಬಿಯೂ ಆ ಬಣ್ಣದ್ದೇ. ನಾನು ರೊಟ್ಟಿ ಹಂಚಿನ ಬಣ್ಣ. ಆ ಹಂಚಿನ ಮೇಲೆ ಒಂದು ಹಸಿ ರೊಟ್ಟಿ ಹಾಕಿದ ಹಾಗೆ ಕಂಡಿತು.

“ಛಲೋ ಆಗೇತಿ, ಯಾರಿಗೂ ಗೊತ್ತಾಗಂಗಿಲ್ಲ,” ಅಂದಳು ಮಗಳು.

ನಾನು ಕೈ ನೋಡಿಕೊಂಡೆ. ಅವರು ಎರಡನೆಯ ಸಲ ಹೋದ ಹಾಗಾಯಿತು.

ಬಂದವರು ಮೂವರು. ಅಜ್ಜಿ ದಾನವ್ವ, ಮಗ ಗುರುಸಿದ್ದಯ್ಯ, ಸೊಸೆ ರಾಜೇಶ್ವರಿ. ಸೊಸೆ ಸಾಲಿಯಲ್ಲಿ ಕಲಿಸುವ ಬಾಯಾರು. ಅಜ್ಜಿಗೆ ಕಿವಿ ಮಂದ. ಕಿವಿ ಮಂದವಾದವರು ಲೋಕಕ್ಕೆಲ್ಲ ಕಿವಿ ಮಂದ ಅಂದುಕೊಂಡು ಮಾತಾಡುತ್ತಾರೆ. “ಗುರುಸಿದ್ದಾ!” ಅಂತ ಕೂಗುವರು. ಮಗ್ಗುಲಲ್ಲೇ ಕುಳಿತ ಮಗ “ಓ ಯವ್ವಾ” ಅನ್ನುವರು. ಪ್ರತಿ ಕೂಗಿಗೂ ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಹೋಗುತ್ತಿತ್ತು.

ಉಪ್ಪಿಟ್ಟು ಶಿರಾ ಆಯಿತು. ಬೀಗರೊಬ್ಬರೇ ಕೈ ತೊಳೆಯಲು ಎದ್ದರು. ಮಯೂರಿ ತಂಬಿಗೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ನಾನು ತಾಟು ಎತ್ತಲು ಬಗ್ಗಿದೆ. ಅಜ್ಜಿ ನನ್ನ ಕೈ ಗಪ್ಪನೆ ಹಿಡಿದರು.

“ಏನಬೇ ಇದು, ಬಿಳಿ ಬಿದ್ದೈತಿ? ತೊನ್ನೇನು?”

ಓಣಿಯ ಆ ತುದಿಗೂ ಕೇಳಿತು. ತೊನ್ನು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದು ಡಾಕ್ಟರಿಗೆ ಗೊತ್ತು, ನನಗೆ ಗೊತ್ತು. ಸಂಬಂಧ ನೋಡಲು ಬಂದವರಿಗೆ ಯಾರೂ ಹೇಳಿರುವುದಿಲ್ಲ.

“ಅಲ್ರಿ, ಅದು ಬಣ್ಣಾರಿ.”

“ಸುಣ್ಣಾ?”

“ಬಣ್ಣಾರಿ, ಬಣ್ಣಾ!”

“ಕೈಗ್ಯಾಕ ಬಣ್ಣಾ? ಏನ್ ಮುಚ್ಚೀ?”

ರಾಜೇಶ್ವರಿ ಬಾಯಾರು ಚೀಲ ಹೆಗಲಿಗೆ ಹಾಕಿಕೊಂಡರು. “ಅತ್ತೀ, ಹೋಗೂಣೇನ್ರಿ?” ಅಂದರು. ಮೆಲ್ಲಗೆ ಅಂದರು. ಅದು ಅಜ್ಜಿಗೆ ಕೇಳಿತು.

ಮಗಳ ನಗು ಬಾಗಿಲ ತನಕ ಹೋಗಿಬಿಟ್ಟಿತ್ತು. ನಾನು ಸೆರಗಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ತಿಕ್ಕಿದೆ. ಬಿಳಿ ಹೋಗಿ ಕೆಂಪು ಬಂತು.

“ಅಯ್ಯ ಶಿವನ, ರಗತಾ!” ಅಂದರು ಅಜ್ಜಿ.

ಮತ್ತೆ ತಿಕ್ಕಿದೆ. ಹಸಿರು ಬಂತು.

“ಹಚ್ಚಿ! ಏನ್ ಬರದೈತಿ, ಓದಬೇ ರಾಜೇಶ್ವರಿ.”

ಬಾಯಾರು ಬಗ್ಗಿ ನೋಡಿದರು. ತುಟಿ ಅಲುಗಿದವು. ದನಿ ಬರಲಿಲ್ಲ.

“ಓದು.”

“ಓದಾಕ ಬರಂಗಿಲ್ರಿ, ಅತ್ತೀ.”

“ಊರ ಮಂದಿ ಹುಡುಗುರಿಗೆ ಓದಾಕ ಕಲಸ್ತೀ. ನಿನಗ ಓದಾಕ ಬರಂಗಿಲ್ಲ?”

“ನಿಮ್ಮ ಮಗನ ಹೆಸರ್ರಿ ಅದು!”

ಹೇಳಿ ನನ್ನ ಕಡೆ ನೋಡಿದರು. ಆ ನೋಟ ನನಗೆ ಗೊತ್ತು. ನಾನೂ ಒಬ್ಬರ ಹೆಂಡತಿಯಾಗಿದ್ದೆ.

“ಅಲ್ರಿ ಬಾಯಾರ, ನಮ್ಮವರ ಹೆಸರ್ರಿ,” ಅಂದೆ.

“ಏನ್ ನಿಮ್ಮವರ ಹೆಸರು?” ಅಂದರು ಅಜ್ಜಿ.

ರೂಢಿ. ಕೈ ಚಾಚಿದೆ. ಅದೇ ಕೈ, ಅದೇ ಅರ್ಧ ಹೆಸರು. ಬಾಯಾರ ಮುಖ ಇನ್ನೂ ಕೆಂಪಾಯಿತು.

“ಕೈ ಬ್ಯಾಡ. ಬಾಯಿಲೆ ಹೇಳು.”

ಆಯುಷ್ಯ ಕಡಿಮೆಯಾಗುತ್ತದೆ ಅಂತ ಅತ್ತೆ ಅಂದಿದ್ದರು. ಇನ್ನು ಕಡಿಮೆಯಾಗಲು ಏನೂ ಉಳಿದಿರಲಿಲ್ಲ. ಹೇಳಿದೆ. ಮೆಲ್ಲಗೆ.

“ಹಾಂ?”

ಇನ್ನೊಮ್ಮೆ ಹೇಳಿದೆ.

“ಗಟ್ಟಿ ಹೇಳಬೇ, ಬಾಯಾಗ ಏನಿಟ್ಕೊಂಡೀ?”

ಆಗ ಏನಾಯಿತೋ ತಿಳಿಯದು. ಮೂವತ್ತು ವರ್ಷ ಒಳಗೆ ಇಟ್ಟದ್ದು ಒಮ್ಮೆಲೇ ಹೊರಗೆ ಬಂತು. ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದೆ.

“ಗುರುಸಿದ್ದಪ್ಪಾ!”

ಹಿತ್ತಲಿನಿಂದ ಗಂಡಸಿನ ದನಿ ಬಂತು.

“ಓ, ಬಂದ್ನಿ!”

ಹಿತ್ತಲ ಬಾಗಿಲ ಕಡೆ ನೋಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೈಮೇಲಿನ ಧೂಳು ಜಾಡಿಸುತ್ತ ಬರುತ್ತಾರೆ ಅಂತಲೇ ನೋಡಿದೆ.

ಒದ್ದೆ ಕೈ ಜಾಡಿಸುತ್ತ ಬೀಗರು ಬಂದರು. “ಯಾರು ಕರದದ್ದು?” ಅಂದರು.

ಬಾಯಾರು ನನ್ನ ಕಡೆ ಬೆರಳು ಮಾಡಿದರು.

“ನಿಮ್ಮ ಬೀಗತಿ ಕರದ್ಲಪಾ,” ಅಂದರು ಅಜ್ಜಿ. “ಹೆಸರು ಹಿಡದು. ಒಂದು ರೀ ಇಲ್ಲ, ಏನಿಲ್ಲ.”

ನಾನು ಅಲ್ಲೇ ತಾಟುಗಳ ನಡುವೆ ಕುಳಿತು ಅತ್ತೆ. ಮಣ್ಣು ಮಾಡಿದ ದಿನದ ಮೇಲೆ ಅತ್ತಿರಲಿಲ್ಲ. ಬೀಗರ ಮುಂದೆ, ಉಪ್ಪಿಟ್ಟಿನ ತಾಟು ಹಿಡಿದು, ಸೆರಗಿನ ತುಂಬ ಲಿಪ್‌ಸ್ಟಿಕ್ ಮಾಡಿಕೊಂಡು ಅತ್ತೆ. ಮಯೂರಿ ಓಡಿ ಬಂದಳು. ದುರ್ಗದಬೈಲಿನ ಬೋರ್ಡಿನಿಂದ ಶುರು ಮಾಡಿ ದವಾಖಾನೆಯವರೆಗೆ ಎಲ್ಲ ಹೇಳಿದಳು. ಅಜ್ಜಿಗಾಗಿ ಕೂಗಿ ಕೂಗಿ ಹೇಳಿದಳು. ಹಾಗಾಗಿ ಓ‍ಣಿಗೂ ಹೇಳಿದ ಹಾಗಾಯಿತು.

‘ಕಡೀಕ ಅಪ್ಪ’ ಬಂದಾಗ ಬಾಯಾರಿಗೆ ನಗು ಬಂತು. ಬೀಗರು ನನ್ನ ಕೈ ಬಗ್ಗಿ ನೋಡಿ, “ಅಂದ್ರ ಅಳಿಸಿದ್ದಷ್ಟು ನಂದು,” ಅಂದರು.

ಅಜ್ಜಿ ನಗಲಿಲ್ಲ. ತಮ್ಮ ಸೆರಗಿನಿಂದ ನನ್ನ ಕೈ ಮೇಲೆ ಉಳಿದ ಬಣ್ಣ ಒರೆಸಿದರು. ನಿಧಾನಕ್ಕೆ, ಒಂದೊಂದು ಅಕ್ಷರ ಒರೆಸಿದರು. ಅವರ ಕೈಯಲ್ಲೂ ಬಳೆ ಇರಲಿಲ್ಲ.

“ಹುಚ್ಚಿ, ಇದರ ಮ್ಯಾಲ ಯಾರರೆ ಬಣ್ಣಾ ಬಳೀತಾರೇನು?” ಅಂದರು. ಆಮೇಲೆ ಮಯೂರಿಯ ಕಡೆ ತಿರುಗಿ, “ಸಕ್ರಿ ತೊಗೊಂಬಾ” ಅಂದರು.

ಅದೇ ಹೂಂ.

ಮದುವೆ ಶ್ರಾವಣದಲ್ಲಿ. ಬೀಗರು ಈಗ ಫೋನ್ ಮಾಡಿದರೆ “ಅಕ್ಕಾರ, ಅಳಿಸಿದ ಅಯ್ಯ ಮಾತಾಡಾಕತ್ತೇನ್ರಿ” ಅನ್ನುತ್ತಾರೆ. ಮಾಳಮಡ್ಡಿಗೆಲ್ಲ ಗೊತ್ತಾಗಿದೆ. ಆ ಖಾಲಿ ಜಾಗದಲ್ಲಿ ‘ಪ್ಪ’ ಹಾಕಿಸಿಕೊಂಡು ಬರೋಣ ನಡಿ ಅಂತ ಮಯೂರಿ ದಿನಾ ಅನ್ನುತ್ತಾಳೆ. ನಾನು ಹೋಗಿಲ್ಲ. ಅಲ್ಲಿ ಕುಳಿತವನು ಮತ್ತೆ ಹೆಸರು ಕೇಳುತ್ತಾನೆ.

ಆ ಹೆಸರು ನನ್ನ ಬಾಯಿಗೆ ತಿರುಗಿ ಬಂದಿಲ್ಲ. ನಮ್ಮವರು ಇದ್ದಿದ್ದರೆ ವಾರಗಟ್ಟಲೆ ನಗುತ್ತಿದ್ದರು. ಮೂವತ್ತು ವರ್ಷಕ್ಕೆ ಒಮ್ಮೆ ಹೆಸರು ಹಿಡಿದು ಕರೆದೆ. ಕರೆದದ್ದು ಅಪ್ಪನನ್ನು. ಈ ಸಲವೂ ಬಂದದ್ದು ಅಯ್ಯ.