ಕುಂಕುಮ ಹಚ್ಚಿಕೊಂಡ ಮೀಟರು

ಸೂರ್ಯನಿಗೆ ಸ್ವಿಚ್ಚಿಲ್ಲದ್ದು ನಮ್ಮೆಲ್ಲರ ಪುಣ್ಯ. ಇದ್ದಿದ್ದರೆ ನಮ್ಮ ಕಾಕಾ ಹತ್ತು ಗಂಟೆಗೇ ಅದನ್ನೂ ಆರಿಸಿ, ಇಷ್ಟು ಬೆಳಕು ಸಾಕು ಎಂದುಬಿಡುತ್ತಿದ್ದರು!

ಕಾಕಾ ನಮ್ಮೂರ ಪುರಸಭೆಯ ಗುಮಾಸ್ತರು. ಕರೆಂಟಿನ ಬಿಲ್ಲು ನೋಡುವುದು ಅವರ ಕೆಲಸ. ನೋಡಿ ನೋಡಿ ಅದು ಮೈಗೇ ಹತ್ತಿಬಿಟ್ಟಿತ್ತು. ಮುದ್ದೇಬಿಹಾಳದಲ್ಲಿ ನನ್ನ ಅಕ್ಕನ ಮದುವೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಹಂದರದ ದೀಪದ ಸರವೆಲ್ಲ ಆರಿತು. ಹಗಲು ಹನ್ನೆರಡಕ್ಕೆ ದೀಪ ಯಾಕೆ ಎಂಬುದು ಕಾಕಾ ಅವರ ಪ್ರಶ್ನೆ. ಮನೆಯಲ್ಲೂ ಅಷ್ಟೇ. ಕೊಡ ಕಂಠಕ್ಕೆ ಬರುವ ಮೊದಲೇ ನಳ ಬಂದ್! ಚೆಲ್ಲಿದ ನೀರೂ ಪಂಪಿನ ಕರೆಂಟೇ ಅಲ್ಲವೇ?

ಒಮ್ಮೆ ಊರಿಗೆಲ್ಲ ನೀರು ಕೊಡುವ ಆ ಪಂಪಿನ ಬಿಲ್ಲನ್ನೇ ತುಂಬಲು ಪುರಸಭೆಯ ಕೈಲಿ ಆಗಲಿಲ್ಲ. ತಿಂಗಳೊಳಗೆ ಲೈನು ಕತ್ತರಿಸುವ ನೋಟಿಸು ಬಂತು. ನಳ ನಿಂತರೆ ಬಾವಿಯೇ ಗತಿ. ಹಿಂದಿನ ಬೇಸಿಗೆಯಲ್ಲಿ ಕಾಕಿ ಅದೇ ಬಾವಿಯ ಮೆಟ್ಟಿಲ ಮೇಲೆ ಕೊಡದ ಸಮೇತ ಬಿದ್ದು ಕೈ ಮುರಿದುಕೊಂಡಿದ್ದರು. ನೋಟಿಸು ಬಂದ ದಿನ ಕಾಕಾ ಊಟಕ್ಕೆ ಕೂತವರು ಹಾಗೇ ಎದ್ದುಬಿಟ್ಟರು.

ಒಂದು ದಾರಿ ಇತ್ತು. ನಮ್ಮ ಪಂಪಿಗೆ ಕೊಳ್ಳುತ್ತಿದ್ದುದು ಗಾಳಿಯಂತ್ರದ ಕರೆಂಟು. ಅದಕ್ಕೆ ತೆರಿಗೆ ಮಾಫಿ. ಆದರೂ ಬಿಲ್ಲಿನಲ್ಲಿ ತೆರಿಗೆ ಬರುತ್ತಲೇ ಇತ್ತು, ಯಾಕೆಂದರೆ ಮಾಫಿಗೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲ! ಕಾಕಾ ಅರ್ಜಿ ಬರೆದು, ಬಸ್ಸು ಹತ್ತಿ ಬಿಜಾಪುರದ ಕರೆಂಟಿನ ಆಫೀಸಿಗೆ ಹೋಗಿ ಕೊಟ್ಟು ಬಂದರು. ಅದು ತಿರುಗಿ ಬಂತು. ಇನ್ನೊಂದು ಬರೆದರು. ಅದೂ ಬಂತು. ಮೂರನೆಯ ಸಲ ಅಲ್ಲಿಯ ಸಾಹೇಬರು ಕಾಕಾ ಅವರನ್ನು ಕೂಡಿಸಿಕೊಂಡು ಕೇಳಿದರಂತೆ:

"ನೀವು ಬರ್ದಿರೋ ನಂಬರಿನ ಮೀಟರು ಹಿಟ್ಟಿನ ಗಿರಣೀದೈತ್ರಿ. ಗಿರಣಿಗೆ ಯಾಕ ಮಾಫಿ ಕೇಳಾಕತ್ತೀರಿ?"

ತಪ್ಪು ಯಾರದು? ಪ್ರತಿ ಮಹಾನವಮಿಗೆ ಪಂಪಿನ ಮೀಟರಿಗೆ ವಿಭೂತಿ ಬಳಿದು ಕುಂಕುಮ ಹಚ್ಚುತ್ತಿದ್ದವರು ಕಾಕಾ ಅವರೇ. ವರ್ಷವರ್ಷದ ಕುಂಕುಮ ಪದರುಗಟ್ಟಿ, ನಂಬರಿನ ಎಂಟು ಅರ್ಧ ಮುಚ್ಚಿಹೋಗಿ ಮೂರಾಗಿ ಕೂತಿತ್ತು. ಬಿಲ್ಲಿನ ಮೇಲೆ ಸರಿಯಾದ ನಂಬರಿತ್ತು ನಿಜ. ಆದರೆ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುವುದು ಕಾಕಾ ಅವರ ನೇಮ!

ಪೂಜೆ ಮಾಡಿದ್ದನ್ನು ಒರೆಸಲು ಅವರು ಯಾರಿಗೂ ಬಿಟ್ಟಿರಲಿಲ್ಲ. ಅಂದು ತಾವೇ ಧೋತರದ ಚುಂಗು ತೋಯಿಸಿಕೊಂಡು ಮೀಟರಿನ ಮುಂದೆ ನಿಂತು ಕೈಮುಗಿದರು. "ತಪ್ಪ ಹೊಟ್ಯಾಗ ಹಾಕ್ಕೊಳಪ್ಪಾ," ಎಂದು ಒರೆಸಿದರು. ಎಂಟು ಕಂಡಿತು.

ನಾಲ್ಕನೆಯ ಅರ್ಜಿ ಪಾಸಾಯಿತು. ಹಿಂದೆ ಕಟ್ಟಿದ ತೆರಿಗೆಯೂ ಬಿಲ್ಲಿಗೆ ಜಮಾ ಆಗಿ, ನೋಟಿಸು ರದ್ದಾಯಿತು. ಊರಿಗೆ ಊರೇ ಉಸ್ಸೆಂದಿತು.

ಮರುದಿನ ನಳ ಬಂದಾಗ ಕಾಕಾ ತಾವೇ ಕೊಡ ಇಟ್ಟುಕೊಂಡು ಕೂತರು. ಕೊಡ ತುಂಬಿತು, ಚೆಲ್ಲಿತು, ನೀರು ಅಂಗಳಕ್ಕೆ ಹರಿಯಿತು. ಕಾಕಾ ನಳ ಮುಟ್ಟಲಿಲ್ಲ. ಕಟ್ಟೆಯ ಮೇಲೆ ಮೆಂತ್ಯೆಪಲ್ಲೆ ಸೋಸುತ್ತಿದ್ದ ಕಾಕಿಯ ಆ ಕೈಯನ್ನೇ ನೋಡುತ್ತಿದ್ದರು. ಮುರಿದ ಎಲುಬು ಸ್ವಲ್ಪ ಸೊಟ್ಟಗೇ ಕೂಡಿತ್ತು.

"ನೀರು ಹೊಂಟಾವ್ರಿ," ಎಂದರು ಕಾಕಿ.

"ಹೋಗ್ಲಿ ಬಿಡು. ಇವತ್ತೊಂದಿನ ಹೋಗ್ಲಿ," ಎಂದರು ಕಾಕಾ.