ವಾಲೆಂಟಿಯ ಬಾಗಿಲ ಕಂಬ

ಕುದುರೆಯಿಲ್ಲದೆ ಓಡುವ ಟ್ರಾಮು ಬಂದದ್ದೇ ಬಂದದ್ದು, ವೂಚ್ ಪಟ್ಟಣದಲ್ಲಿ ಬೀದಿ ಬೀದಿಗೂ ಹಳಿ ಹರಡಿತು. ಕೊನೆಗೆ ನೂಲಿನ ಗಿರಣಿಯ ಬೀದಿಗೂ ಬಂತು. ಒಂದು ಬೆಳಿಗ್ಗೆ ಕ್ಷೌರಿಕ ವಾಲೆಂಟಿ ಬಾಗಿಲು ತೆರೆದರೆ ಹೊಸ್ತಿಲೆದುರಿಗೇ ಸುಣ್ಣದ ದುಂಡು ಗುರುತು.

ಮೊದಲ ಗಿರಾಕಿಯ ಗಡ್ಡಕ್ಕೆ ಕತ್ತಿ ಹಚ್ಚಿದ್ದನಷ್ಟೇ, "ಇಲ್ಲೇ ಟ್ರಾಮಿನ ಕರೆಂಟು ಕಂಬ ನೆಡ್ತಾರಂತೆ," ಎನ್ನುತ್ತ ಪಕ್ಕದ ಮನೆಯ ಸೂಲಗಿತ್ತಿ ಸಲೋಮಿಯಾ ಕರೆಯದೆಯೇ ಒಳಗೆ ಬಂದಳು. "ನಿನ್ನ ಅಂಗಡಿ ತುಂಬ ಉಕ್ಕಿನ ಕತ್ತಿ, ಕತ್ತರಿ. ಮಿಂಚು ಕಂಬದಿಂದ ಹಾರಿ ನೇರ ಗಿರಾಕಿ ಕುತ್ತಿಗೆಗೇ ಬರತ್ತೆ, ನೋಡ್ತಿರು!"

ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ ನೇಕಾರ ಗೊಟ್ಲಿಬ್ ನೊರೆ ಸಮೇತ ಎದ್ದು ಹೋದ.  ವಾಲೆಂಟಿಯ ಹೊಟ್ಟೆಪಾಡು ಈ ಒಂದು ಅಂಗಡಿ. ಹೋದ ಗಿರಾಕಿಯನ್ನು ಹಿಡಿಯಲು ಎದುರು ಸಾಲಿನಲ್ಲಿ ಇನ್ನೊಬ್ಬ ಕ್ಷೌರಿಕ ಆಲ್ಬಿನ್ ಕಾದೇ ಕೂತಿದ್ದ.

ವಾಲೆಂಟಿ ಟ್ರಾಮಿನ ಮೇಸ್ತ್ರಿ ಹ್ಯೂಬ್ನರನ ಬಳಿ ಓಡಿದ. "ಸ್ವಾಮಿ, ಆ ಕಂಬಾನ ಎದುರು ಸಾಲಿಗೆ ಹಾಕಿಬಿಡಿ."

"ನಿಜವಾಗ್ಲೂ ನಿಮಗೆ ಬೇಡ್ವಾ?" ಮೇಸ್ತ್ರಿ ಹುಬ್ಬೇರಿಸಿದ.

"ಬೇಡವೇ ಬೇಡ!"

"ಹಂಗಾದ್ರೆ ನಿಮ್ಮ ಸಾಲಿನವರೆಲ್ಲ ಬಂದು ಒಪ್ಪಿಗೆ ಹೇಳಲಿ."

ಒಪ್ಪಿಗೆಯೇನೋ ಎಲ್ಲರೂ ಕೊಟ್ಟರು, ಆದರೆ ಪುಕ್ಕಟೆ ಕ್ಷೌರ ಮಾಡಿಸಿಕೊಂಡ ಮೇಲೆ. ಸಲೋಮಿಯಾಳಿಗೆ ಗಡ್ಡವಿಲ್ಲ, ಹಾಗಾಗಿ ಅಳಿಯಂದಿರನ್ನು ಸಾಲಾಗಿ ತಂದು ಕೂರಿಸಿದಳು. ಆಮೇಲೆ ಗುಂಡಿ ತೋಡುವವರ ಪಾಳಿ. ಸಂಜೆಯ ಹೊತ್ತಿಗೆ ವಾಲೆಂಟಿಯ ಕೈ ನೆನೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಕಂಬ ಮಾತ್ರ ಆಲ್ಬಿನ್ನನ ಬಾಗಿಲಲ್ಲಿ ಎದ್ದು ನಿಂತಿತು. ನೋಡಿ ವಾಲೆಂಟಿಯ ಜೀವ ತಣ್ಣಗಾಯಿತು. ಅಷ್ಟರಲ್ಲಿ ಆಳೊಬ್ಬ ಕಂಬ ಹತ್ತಿ ಕೆಂಪು ಹಲಗೆಯೊಂದನ್ನು ತೂಗುಹಾಕಿದ.

"ಅದೇನು ಸ್ವಾಮಿ?" ವಾಲೆಂಟಿ ಪಕ್ಕದಲ್ಲಿದ್ದ ಮೇಸ್ತ್ರಿಯನ್ನು ಕೇಳಿದ.

"ನಿಲ್ದಾಣದ ಹಲಗೆ. ಇನ್ಮೇಲೆ ಗಿರಣಿ ಜನವೆಲ್ಲ ಆ ಕಂಬದ ಬುಡದಲ್ಲೇ ಟ್ರಾಮಿಗೆ ಕಾಯೋದು."

"ಅಯ್ಯೋ, ಮೊದಲೇ ಹೇಳಬಾರ್ದಿತ್ತಾ!"

"ಬೇಡ್ವಾ ಅಂತ ಕೇಳಿದ್ನಲ್ಲ! ಆ ಕಂಬ ತನ್ನ ಬಾಗಿಲಿಗೆ ಬರಲಿ ಅಂತ ಆಲ್ಬಿನ್ ಹೋದ ವಾರ ಕೊಬ್ಬಿದ ಬಾತುಕೋಳೀನೇ ತಂದಿದ್ದ. ನಿಮ್ಮ ಬಾಗಿಲಿಗೆ ಬರಬೇಕಾದ್ದನ್ನ ಕಿತ್ತು ಅವನಿಗೆ ಕೊಡೋದು ತಪ್ಪು ಅಂತ ವಾಪಸ್ ಕಳಿಸ್ದೆ."

ವಾಲೆಂಟಿ ಅಂಗಡಿಗೆ ಮರಳಿ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕೂತ. ಬಾಗಿಲಲ್ಲಿ ಆಲ್ಬಿನ್ ನಗುತ್ತ ನಿಂತಿದ್ದ.

"ವಾಲೆಂಟಿ ಅಣ್ಣ, ಸ್ವಲ್ಪ ಏಳ್ತೀರಾ? ಟ್ರಾಮು ಶುರುವಾದ್ರೆ ನನ್ನಲ್ಲಿ ಕೂರೋಕೆ ಜಾಗ ಸಾಲಲ್ಲ. ಈ ಬೆಂಚು ಹೆಂಗೂ ಇಲ್ಲಿ ಖಾಲಿ ಬಿದ್ದಿರತ್ತಲ್ಲ."

ಬೆಂಚಿನ ಇನ್ನೊಂದು ತುದಿ ಹಿಡಿಯಲು ಗೊಟ್ಲಿಬ್ಬನೇ ಬಂದಿದ್ದ. ಅವನ ಗಡ್ಡ ಈಗ ಎರಡೂ ಕಡೆ ನುಣ್ಣಗಿತ್ತು.