ಟೈಲರಜ್ಜಿಯ ಜಪಾನೀ ಗಂಟು

"ಇಲ್ಲಿಂದ ಹೋದ ಬಟ್ಟೆ ವಾಪಸ್ ಬರುವುದಿಲ್ಲ!"

ಟೈಲರಜ್ಜಿಯ ಅಂಗಡಿಯ ಬೋರ್ಡಿನಲ್ಲಿ ಹೆಸರಿರಲಿಲ್ಲ, ವಿಳಾಸವಿರಲಿಲ್ಲ. ಇದೊಂದೇ ಸಾಲು, ಕೆಂಪು ಬಣ್ಣದಲ್ಲಿ. ಹೊಸಬರು ಅದನ್ನು ಓದಿ, ಹೊಲಿಗೆ ಕೆಟ್ಟರೂ ಈ ಮುದುಕಿ ವಾಪಸ್ ತಗೊಳ್ಳುವುದಿಲ್ಲ ಅಂತಿರಬೇಕು ಎಂದು ಹೆದರುತ್ತಿದ್ದರು. ಹಳಬರಿಗೆ ನಿಜ ಗೊತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಬಿಗಿಯಾಯಿತು, ಸಡಿಲವಾಯಿತು, ತೋಳು ಗಿಡ್ಡವಾಯಿತು ಎಂದು ಒಂದೇ ಒಂದು ಬಟ್ಟೆ ಆ ಮೆಟ್ಟಿಲನ್ನು ಮತ್ತೆ ಹತ್ತಿದ್ದಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟು ಸೂಜಿ ಹಿಡಿದ ಹೆಂಗಸಿಗೆ ಅದೇ ಡಿಗ್ರಿ, ಅದೇ ಪದಕ, ಅದೇ ಕಿರೀಟ.

ಅಜ್ಜಿ ಹೊಲಿಯುತ್ತಿದ್ದದ್ದು ಹೆಂಗಸರ ಬಟ್ಟೆ ಮಾತ್ರ. ಗಂಡಸರ ಬಟ್ಟೆಗೆ ರಸ್ತೆಯ ಆಚೆ ಬದಿಯಲ್ಲಿ ಬೇರೊಬ್ಬ ಟೈಲರ್ ಇದ್ದ. ತೆಳ್ಳಗೆ, ಉದ್ದಕ್ಕೆ, ಅಳತೆಯ ಟೇಪಿನಂಥ ಮನುಷ್ಯ. ಇಬ್ಬರದೂ ಹಾವು ಮುಂಗುಸಿಯ ಸ್ನೇಹ. ಬೆಳಿಗ್ಗೆ ಷಟರ್ ಎತ್ತುವಾಗಲೇ ಶುರು.

"ಏನಜ್ಜಿ, ಇವತ್ತಾದ್ರೂ ಯಾರಾದ್ರೂ ವಾಪಸ್ ತಂದ್ರಾ?"

"ಒಬ್ರು ತರ್ತಿದ್ರಂತೆ ಕಣೋ. ನೀನು ಹೊಲಿದ ಪ್ಯಾಂಟು ಹಾಕ್ಕೊಂಡಿದ್ರಂತೆ. ದಾರೀಲೇ ಹೊಲಿಗೆ ಬಿಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಂತ್ಬಿಟ್ಟಿದಾರೆ, ಹೋಗಿ ನೋಡು!"

ಇಂಥ ಅಂಗಡಿಗೆ ಒಂದು ದಿನ ಕರಾಟೆ ಮೇಡಂ ಬಂದಳು. ಅಜ್ಜಿಯ ಮೊಮ್ಮಗಳು ಅವಳ ಶಿಷ್ಯೆ. ಹತ್ತು ವರ್ಷದ ಹುಡುಗಿ. ಅಂಗಡಿಯ ಗುಂಡಿಡಬ್ಬಿಯ ಜೊತೆಯೇ ಆಡಿ ಬೆಳೆದದ್ದರಿಂದ ಎಲ್ಲರ ಬಾಯಲ್ಲೂ ಅವಳು 'ಗುಂಡಿ'. ಮುಂದಿನ ತಿಂಗಳು ಹುಡುಗಿಯರಿಗೆ ಮೊದಲ ಪರೀಕ್ಷೆ; ಗೆದ್ದವರಿಗೆ ಬಿಳಿ ಬೆಲ್ಟು ಹೋಗಿ ಹಳದಿ ಬೆಲ್ಟು. ಪರೀಕ್ಷೆ ಮಾಡಲು ಮೇಡಂನ ಗುರುಗಳೇ ಬರುವವರಿದ್ದರು, ಜಪಾನಿನಲ್ಲೇ ಇಪ್ಪತ್ತು ವರ್ಷ ಇದ್ದು ಕಲಿತು ಬಂದವರು. ಅಲ್ಲಿಯವರೆಗೆ ಟೀ ಶರಟಿನಲ್ಲೇ ಕೈಕಾಲು ಬೀಸುತ್ತಿದ್ದ ಹದಿನೆಂಟು ಹುಡುಗಿಯರಿಗೂ ಬಿಳಿ ಉಡುಪು ಆಗಬೇಕಿತ್ತು.

"ಇದನ್ನ 'ಗೀ' ಅಂತಾರೆ ಅಜ್ಜಿ," ಎಂದು ಮೇಡಂ ತನ್ನದೇ ಅಂಗಿಯನ್ನು ಮಾದರಿಗೆ ಮೇಜಿನ ಮೇಲಿಟ್ಟಳು. "ಗುರುಗಳು ಬರೀ ಗುದ್ದೋದು ಒದೆಯೋದು ನೋಡಲ್ಲ. ಬಾಗೋದು ಹೇಗೆ, ಕೂರೋದು ಹೇಗೆ, ಮಾತು ಹೇಗೆ, ಎಲ್ಲಾ ನೋಡ್ತಾರೆ. ಒಂದು ತಪ್ಪಿದ್ರೂ ಪರೀಕ್ಷೆಗೆ ಬಿಡಲ್ಲ. ಈ ಹಾಳೇಲಿ ಎಲ್ಲಾ ಬರೆದಿದೀನಿ. ಒಂದ್ಸಲ ಪೂರ್ತಿ ಓದಿಸ್ಕೊಂಡ್ಬಿಡಿ."

"ಬಿಡು ತಾಯಿ! ನಿಮ್ಮ ಗುರುಗಳು ನೋಡಿ ಮೂಗಿನ ಮೇಲೆ ಬೆರಳಿಡಬೇಕು, ಹಾಗೆ ಹೊಲೀತೀನಿ. ನಮ್ಮ ಗುಂಡಿಗೆ ಹಳದಿ ಬೆಲ್ಟು ಬರದಿದ್ರೆ ಈ ಮಿಷನ್ನು ಗುಜರಿಗೆ!"

ಹಾಳೆ ಓದುವ ಕೆಲಸ ಗುಂಡಿಯದು. ಮಿಷನ್ ತುಳಿಯುತ್ತ ಕೇಳುವ ಕೆಲಸ ಅಜ್ಜಿಯದು. ಅಕ್ಷರ ಹತ್ತದ ತಲೆಯಾದರೂ ಕಿವಿಗೆ ಬಿದ್ದದ್ದನ್ನು ಬಿಡದ ತಲೆ. ವಾರ ಕಳೆಯುವುದರೊಳಗೆ ಎಲ್ಲವೂ ನೀರು ಕುಡಿದಷ್ಟು ಸಲೀಸು. 'ರೇ' ಅಂದರೆ ಬಾಗಬೇಕು. 'ಸೇಜಾ' ಅಂದರೆ ಮಂಡಿ ಮಡಿಚಿ ಹಿಮ್ಮಡಿಯ ಮೇಲೆ ಕೂರಬೇಕು. 'ಹಜಿಮೆ' ಅಂದರೆ ಶುರು, 'ಯಾಮೆ' ಅಂದರೆ ನಿಲ್ಲು. ಹಿರಿಯರು ಏನೇ ಹೇಳಲಿ, ಉತ್ತರ ಒಂದೇ: 'ಓಸ್!' ಜೊತೆಗಾರರ ಮುಂದೆ ನಿಂತಾಗ 'ಒನೆಗಾಯ್ ಶಿಮಸ್', ಅಂದರೆ ದಯವಿಟ್ಟು ನೆರವಾಗಿ.

ಮನೆಯೇ ಕರಾಟೆ ಶಾಲೆಯಾಯಿತು! ಕುಕ್ಕರಿನ ಸೀಟಿಗೆ ಇಚಿ, ನಿ, ಸಾನ್ ಎಂಬ ಎಣಿಕೆ. ನಾಲ್ಕನೆಯದಕ್ಕೆ "ಯಾಮೆ!" ಎಂಬ ಗರ್ಜನೆ. ಅದಕ್ಕೆ ಬೆಚ್ಚಿ ಕಿಟಕಿ ಹಾರಿದ ಬೆಕ್ಕು ಎರಡು ದಿನ ಇತ್ತ ತಲೆ ಹಾಕಲಿಲ್ಲ. ಅಳತೆ ಕೊಡಲು ಬಂದ ಬ್ಯಾಂಕಿನ ಹೆಂಗಸು, "ತೋಳು ಸ್ವಲ್ಪ ಸಡಿಲ ಇರ್ಲಿ," ಎಂದದ್ದೇ ತಡ, ಅಜ್ಜಿ "ಓಸ್!" ಎಂದು ಕಿರುಚಿದಳು. ಪಾಪ, ಆಕೆ ನಡುಗಿ, "ಬಿಗೀನೇ ಇರ್ಲಿ ಬಿಡಿ," ಎಂದು ಓಡಿದಳು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳು ಪಾಳಿ ಮುಗಿಸಿ ಬಂದರೆ ಬಚ್ಚಲ ಬಾಗಿಲಲ್ಲೇ ತಡೆ.

"ಮೊದಲು ರೇ!"

"ಅಮ್ಮಾ, ಹನ್ನೆರಡು ಗಂಟೆ ನಿಂತ್ಕೊಂಡೇ ಇದ್ದು ಬಂದಿದೀನಿ. ಬಾಗಿದ್ರೆ ಅಲ್ಲೇ ಮಲಗಿಬಿಡ್ತೀನಿ!"

"ಶಿಸ್ತಿಲ್ಲದ ಮನೆ, ಗುಂಡಿಯಿಲ್ಲದ ಅಂಗಿ. ಬಾಗು!"

ಮಗಳು ಬಾಗಿದಳು. ಬಾಗಿದವಳೇ ಅಜ್ಜಿಯ ಕಂಕುಳ ಸಂದಿಯಿಂದ ಒಳಗೆ ನುಗ್ಗಿ ಚಿಲಕ ಹಾಕಿಕೊಂಡಳು.

ಹಾಳೆ ಮುಗಿಯುತ್ತ ಬಂತು.

"ಅಜ್ಜಿ, ಇನ್ನೊಂದೇ ಸಾಲು. 'ಉಡುಪು' ಅಂತ ಬರೆದಿದೆ."

ತುಳಿಯುತ್ತಿದ್ದ ಕಾಲು ನಿಂತಿತು. "ಏನು? ಉಡುಪಾ? ನನಗಾ?"

"ಓದ್ತೀನಿ ಕೇಳು..."

"ಯಾಮೆ! ಬಾಗೋದು ಹೇಳಿಕೊಡ್ಲಿ, ಕೂರೋದು ಹೇಳಿಕೊಡ್ಲಿ, ಕಲೀತೀನಿ. ಬಟ್ಟೆ ವಿಷ್ಯ ನನಗೆ ಹೇಳೋದಾ? ಮೀನಿಗೆ ಈಜು ಕಲಿಸೋಕೆ ಬಂದ್ಲಂತೆ! ಮಡಚಿಡು ಹಾಳೆ."

"ಆದ್ರೆ ಅಜ್ಜಿ..."

"ಹಿರಿಯರಿಗೆ ಏನಂತ ಉತ್ತರ?"

"ಓಸ್," ಎಂದು ಗುಂಡಿ ಗೊಣಗಿದಳು. ಹಾಳೆ ಗುಂಡಿಡಬ್ಬಿಯ ಅಡಿ ಸೇರಿತು.

ಮಾದರಿ ಅಂಗಿಯನ್ನು ಬಿಡಿಸಿ ನೋಡಿದಾಗ ಅಜ್ಜಿ ಹಣೆ ಚಚ್ಚಿಕೊಂಡಳು. ಎಡ ಮಗ್ಗುಲು ಮೇಲೆ, ಬಲ ಮಗ್ಗುಲು ಕೆಳಗೆ! ದರ್ಜಿಗಳ ಲೋಕದಲ್ಲಿ ಗಂಡಸರ ಅಂಗಿಗೆ ಎಡ ಮಗ್ಗುಲು ಮೇಲೆ ಬರಬೇಕು, ಹೆಂಗಸರ ಅಂಗಿಗೆ ಬಲ ಮಗ್ಗುಲು. ಸೂರ್ಯ ದಿಕ್ಕು ತಪ್ಪಿದರೂ ಇದು ತಪ್ಪಬಾರದು. 'ಅಯ್ಯೋ, ಯಾವನೋ ಪ್ಯಾಂಟು ಹೊಲಿಯೋನು ಆ ಹೆಣ್ಮಗಳ ಕೊರಳಿಗೆ ಗಂಡಸರ ಅಂಗಿ ಕಟ್ಟಿದಾನೆ! ಪಾಪ, ನಾಚಿಕೆಗೆ ಬಾಯಿ ಬಿಟ್ಟಿಲ್ಲ.'

ಹದಿನೆಂಟು ಅಂಗಿಗೂ ಬಲ ಮಗ್ಗುಲನ್ನೇ ಮೇಲೆ ತಂದು, ಕಟ್ಟುವ ಲಾಡಿಗಳನ್ನು ಅದಕ್ಕೆ ತಕ್ಕ ಹಾಗೆ ಕೂರಿಸಿದಳು. ಒಂದೊಂದಕ್ಕೆ ನಾಲ್ಕು ಲಾಡಿ, ಒಂದೊಂದು ಲಾಡಿಗೆ ಮೂರು ಸುತ್ತು ಹೊಲಿಗೆ. ಆನೆ ಎಳೆದರೂ ಕಿತ್ತು ಬರಬಾರದು! ಅಷ್ಟಕ್ಕೇ ಸುಮ್ಮನಿದ್ದರೆ ಅವಳು ಟೈಲರಜ್ಜಿಯೇ ಅಲ್ಲ. ಮೇಡಂನ ಅಂಗಿಯ ಲಾಡಿಗಳನ್ನೂ ಬಿಚ್ಚಿ, ಕಡೆ ಬದಲಿಸಿ ಹೊಲಿದು, ಇಸ್ತ್ರಿ ಮಾಡಿ ಇಟ್ಟಳು. ಕೇಳದೆ ಮಾಡಿದ ಮಹೋಪಕಾರ!

ಅಂಗಡಿಯ ಮುಂದೆ ಬಿಳಿ ಅಂಗಿಗಳು ಸಾಲಾಗಿ ತೂಗುತ್ತಿದ್ದದ್ದನ್ನು ನೋಡಿ ಎದುರಿನವನು ಕೂಗಿದ: "ಏನಜ್ಜಿ, ದೆವ್ವಗಳಿಗೆ ಯೂನಿಫಾರ್ಮಾ?"

"ಹೌದು ಕಣೋ, ನಿನ್ನ ಅಳತೆ ಒಂದು ಬಾಕಿ ಇದೆ, ಬಾ!"

ಪರೀಕ್ಷೆಯ ದಿನ ಬೆಳಿಗ್ಗೆಯೇ ಅಜ್ಜಿ ಅಂಗಿಗಳ ಗಂಟನ್ನು ಕರಾಟೆ ಶಾಲೆಗೆ ಮುಟ್ಟಿಸಿ, ಗೋಡೆ ಬದಿಯ ಮೊದಲ ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಬಂದು ಕೂತವನು ಎದುರು ಅಂಗಡಿಯ ಟೈಲರ್! ಹುಡುಗರ ಗುಂಪಿಗೆ ಹೊಲಿದವನು ಅವನೇ ಅಂತೆ.

"ಓದಿಸ್ಕೊಂಡ್ಯಾ ಹಾಳೆ?" ಎಂದಳು ಅಜ್ಜಿ ಗತ್ತಿನಿಂದ.

"ಯಾವ ಹಾಳೆ? ಮಾದರಿ ಇತ್ತು, ಹೊಲ್ದೆ."

'ಮೂರ್ಖ,' ಎಂದುಕೊಂಡಳು ಅಜ್ಜಿ.

ಮೇಡಂ ಗುರುಗಳನ್ನು ಬರಮಾಡಿಕೊಂಡು, ಬಟ್ಟೆ ಬದಲಿಸಲು ಪಕ್ಕದ ಕೋಣೆಗೆ ಓಡಿದಳು. ಮರದ ನೆಲದ ಅಂಚಿನಲ್ಲಿ ಹುಡುಗರು ಒಂದು ಸಾಲು, ಹುಡುಗಿಯರು ಒಂದು ಸಾಲು. ಗುರುಗಳು ನೋಡಲು ಕುಳ್ಳಗೆ, ತಲೆ ಬೆಳ್ಳಗೆ, ಹೆಜ್ಜೆ ಸದ್ದಿಲ್ಲದೆ. ಹುಡುಗರ ಸಾಲನ್ನು ದಾಟಿದರು. ಹುಡುಗಿಯರ ಸಾಲಿನ ಮುಂದೆ ನಿಂತರು. ಹುಬ್ಬು ಮೇಲಕ್ಕೆ ಹೋಯಿತು. ನಿಧಾನಕ್ಕೆ ಬೆರಳನ್ನು ಮೂಗಿನ ಮೇಲಿಟ್ಟುಕೊಂಡರು.

ಅಜ್ಜಿ ಎದುರಾಳಿಯ ಪಕ್ಕೆಗೆ ತಿವಿದಳು. "ನೋಡೋ! ಮೂಗಿನ ಮೇಲೆ ಬೆರಳು! ನಾನು ಹೇಳಿರ್ಲಿಲ್ವಾ!"

ಆಗಲೇ ಪಕ್ಕದ ಕೋಣೆಯ ಬಾಗಿಲು ದಢಾರ್ ಎಂದಿತು. ಮೇಡಂ ಅಂಗಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಓಡಿ ಬಂದಳು. "ಅಜ್ಜೀ! ನನ್ನ ಲಾಡಿಗಳನ್ನ ಯಾರು..." ಹುಡುಗಿಯರನ್ನು ಕಂಡವಳೇ ಅಲ್ಲೇ ಕಲ್ಲಾದಳು.

ಗುರುಗಳ ದನಿ ಮೆತ್ತಗಿತ್ತು. "ಹೊಲಿಗೆ ಬಹಳ ಚೆನ್ನಾಗಿದೆ. ಆದ್ರೆ ಜಪಾನಿನಲ್ಲಿ ಹೀಗೆ ಬಲ ಮಗ್ಗುಲು ಮೇಲೆ ಮಾಡಿ ಉಡಿಸೋದು ಒಬ್ಬರಿಗೆ ಮಾತ್ರ."

ರಾಣಿಯರಿಗಿರಬೇಕು! ಅಜ್ಜಿ ಎದೆಯುಬ್ಬಿಸಿ ಎದ್ದು ನಿಂತಳು. "ಯಾರಿಗೆ ಸ್ವಾಮಿ?"

"ಹೆಣಕ್ಕೆ."

ಹದಿನೆಂಟು ಹೆಣಗಳು ಪಿಳಿಪಿಳಿ ಕಣ್ಣು ಬಿಡುತ್ತ ಅಜ್ಜಿಯನ್ನೇ ನೋಡಿದವು.

"ಕೊನೇ ಸಾಲಲ್ಲೇ ಬರೆದಿದ್ನಲ್ಲ ಅಜ್ಜಿ!" ಎಂದಳು ಮೇಡಂ ಅಳುವ ದನಿಯಲ್ಲಿ. "'ಗಂಡಾಗಲಿ ಹೆಣ್ಣಾಗಲಿ, ಎಡ ಮಗ್ಗುಲೇ ಮೇಲೆ.'"

"ಹೀಗೆ ಪರೀಕ್ಷೆಗೆ ಬಿಡೋಕಾಗಲ್ಲ," ಎಂದರು ಗುರುಗಳು. "ಹುಡುಗರದು ಮೊದಲು ಮುಗೀಲಿ. ಒಂದು ಗಂಟೆ ಹಿಡಿಯುತ್ತೆ. ಅಷ್ಟರಲ್ಲಿ ಸರಿ ಹೋದ್ರೆ ಸರಿ. ಇಲ್ಲಾಂದ್ರೆ ಇವರೆಲ್ಲ ಮುಂದಿನ ವರ್ಷ."

ಗುಂಡಿ ಅಜ್ಜಿಗೆ ಬೆನ್ನು ತಿರುಗಿಸಿ ತನ್ನ ಬಿಳಿ ಬೆಲ್ಟು ಬಿಚ್ಚತೊಡಗಿದಳು. ಬೈದಿದ್ದರೇ ಚೆನ್ನಾಗಿತ್ತು.

ಹದಿನೆಂಟು ಅಂಗಿ, ಮೇಲೆ ಮೇಡಂನದೊಂದು. ಎಪ್ಪತ್ತಾರು ಲಾಡಿ. ಆನೆ ಎಳೆದರೂ ಬಾರದ ಹೊಲಿಗೆ. ಒಂದು ಗಂಟೆ. ಇರುವುದು ಎರಡೇ ಕೈ. ಅಜ್ಜಿ ಪಕ್ಕಕ್ಕೆ ತಿರುಗಿದಳು. ಎದುರಾಳಿ ಸೀಲಿಂಗ್ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಬಗ್ಗದ ಸೊಂಟ ಬಗ್ಗಿತು.

"ಒನೆಗಾಯ್ ಶಿಮಸ್."

"ಹಾಗಂದ್ರೆ?"

"ಹಾಗಂದ್ರೆ, ಮಾನ ಹೋಗ್ತಿದೆ ಕಣಪ್ಪಾ, ಸೂಜಿ ತೆಗಿ ಅಂತ!"

"ಮೊದಲೇ ನಮ್ಮ ಮಾತಲ್ಲಿ ಹೇಳಬಾರದಾ?" ಎಂದವನೇ ಕಾಲರಿನ ಹಿಂದಿನಿಂದ ಸೂಜಿ ತೆಗೆದ. ದಾರ ಆಗಲೇ ಪೋಣಿಸಿತ್ತು.

ಆ ನೆಲದ ಮೇಲೆ ಕೂರುವುದಾದರೆ ಸೇಜಾ ಒಂದೇ. ಇಬ್ಬರೂ ಮಂಡಿ ಮಡಿಚಿ ಹಿಮ್ಮಡಿಯ ಮೇಲೆ ಕೂತರು. ಹುಡುಗಿಯರು ಟೀ ಶರಟಿಗೆ ಮರಳಿ, ಸುತ್ತ ಕೂತು ಹೊಲಿಗೆ ಬಿಚ್ಚಿದರು, ಇವರಿಬ್ಬರೂ ಹೊಲಿದರು. ಅತ್ತ ಹುಡುಗರು "ಹಾ!" ಎಂದು ಗುದ್ದಿದಾಗೆಲ್ಲ ಇತ್ತ ಒಂದು ಲಾಡಿ.

"ಯಾರು ಹೊಲಿದದ್ದು ಇದನ್ನ? ಬಿಚ್ಚೋಕೇ ಬರ್ತಿಲ್ಲವಲ್ಲ!" ಎಂದ ಟೈಲರ್, ಒಂದು ಲಾಡಿ ಎಳೆದು ನೋಡಿ.

"ಗಟ್ಟಿ ಹೊಲಿಗೆ ಕಾಣದೋರಿಗೆ ಹಾಗೇ ಅನ್ಸೋದು, ಬಾಯಿ ಮುಚ್ಕೊಂಡು ಹೊಲಿ!"

ಹೇಳುತ್ತ ಹೇಳುತ್ತ ಅಜ್ಜಿಯ ಕೈ ತನ್ನ ಹಳೇ ಚಾಳಿ ಹಿಡಿಯಿತು. ಅವನು ಎಡ ಮಗ್ಗುಲಿಗೆ ತಂದು ಪಕ್ಕಕ್ಕಿಟ್ಟ ಅಂಗಿಯನ್ನು ಎಳೆದುಕೊಂಡು, ಲಾಡಿ ಬಿಚ್ಚಿ, ಮತ್ತೆ ಬಲ ಮಗ್ಗುಲಿಗೆ ಹೊಲಿಯತೊಡಗಿದಳು. ಎರಡು ಅಂಗಿ ಹಾಗೇ ಹೋದವು. ಮೂರನೆಯದಕ್ಕೆ ಕೈ ಹಾಕಿದಾಗ ಅವನು ಕಿರುಚಿದ: "ಅಯ್ಯೋ ಮಹಾತಾಯಿ! ನಾನು ಬದುಕಿಸಿದ್ದನ್ನ ನೀನು ಮತ್ತೆ ಸಾಯಿಸ್ತಿದೀಯಲ್ಲ!"

ಗುಂಡಿ ಕಿಸಕ್ಕನೆ ನಕ್ಕಳು. ಅಜ್ಜಿಗೆ ಹೋದ ಜೀವ ಬಂತು.

ಕೊನೆಯ ಲಾಡಿಯ ದಾರವನ್ನು ಹಲ್ಲಿನಿಂದ ಕಡಿದಾಗ ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಉಳಿದಿತ್ತು. ಹದಿನೆಂಟು ಹುಡುಗಿಯರು ಎಡ ಮಗ್ಗುಲು ಮೇಲೆ ಮಾಡಿ, ಬೆಲ್ಟು ಬಿಗಿದು, ಸಾವನ್ನು ಗೆದ್ದವರ ಹಾಗೆ ಸಾಲು ನಿಂತರು. "ಹಜಿಮೆ!" ಗುದ್ದು, ಒದೆ, ತಡೆ, ಎಲ್ಲ ಆಯಿತು. ಕೊನೆಗೆ ಗುರುಗಳು ಗುಂಡಿಯ ಮುಂದೆ ನಿಂತು ಕೇಳಿದರು.

"ಉಡುಪಿನ ನಿಯಮ ಏನು?"

"ಎಡ ಮಗ್ಗುಲು ಮೇಲೆ, ಬಲ ಮಗ್ಗುಲು ಕೆಳಗೆ!"

"ಇನ್ನೇನಾದ್ರೂ ಇದೆಯಾ?"

ಗುಂಡಿ ಅಜ್ಜಿಯ ಕಡೆ ಓರೆಗಣ್ಣಲ್ಲಿ ನೋಡಿದಳು. "ಹಾಳೇನ ಕೊನೇವರೆಗೂ ಓದಬೇಕು!"

ಗುರುಗಳ ಬೆರಳು ಮತ್ತೆ ಮೇಲೆ ಹೋಯಿತು. ಈ ಸಲ ಬಾಯಿಗೆ, ನಗು ಮುಚ್ಚಲು. ಗುಂಡಿಯ ಸೊಂಟಕ್ಕೆ ಹಳದಿ ಬೆಲ್ಟು ಬಂತು!

ಎಲ್ಲರೂ ಎದ್ದರು, ಅಜ್ಜಿ ಮಾತ್ರ ಏಳಲಿಲ್ಲ. ಏಳಲಿಲ್ಲ ಎನ್ನುವುದಕ್ಕಿಂತ ಏಳಲಾಗಲಿಲ್ಲ. ಕಾಲುಗಳು ಯಾವಾಗಲೋ ತೀರಿಕೊಂಡಿದ್ದವು. ಗುರುಗಳು ಅದನ್ನು ಭಕ್ತಿ ಎಂದುಕೊಂಡು ಅಜ್ಜಿಗೆ ಬಾಗಿದರು. ಅಜ್ಜಿಯೂ ಬಾಗಿದಳು. ಅವರು ಇನ್ನೂ ತಗ್ಗಿ ಬಾಗಿದರು. ಅಜ್ಜಿ ಬಿಟ್ಟಾಳೆಯೇ? ಹಣೆ ನೆಲ ಮುಟ್ಟಿತು. ಅಲ್ಲಿಗೆ ಸೊಂಟವೂ ಕೈಕೊಟ್ಟಿತು. ಒಂದು ಕಡೆ ಮೇಡಂ, ಇನ್ನೊಂದು ಕಡೆ ಎದುರಂಗಡಿಯವನು, "ಇಚಿ, ನಿ, ಸಾನ್!" ಎಂದು ಗುಂಡಿ ಎಣಿಸಿದಳು, ಇಬ್ಬರೂ ಸೇರಿ ಎತ್ತಿದರು.

ಮರುದಿನ ಬೆಳಿಗ್ಗೆ ಷಟರ್ ಎತ್ತುವಾಗ ಆಚೆಯಿಂದ ದನಿ ಬಂತು.

"ಏನಜ್ಜಿ, ಕೊನೆಗೂ ವಾಪಸ್ ಬಂತಲ್ಲ! ಅದೂ ಹದಿನೆಂಟು!"

"ಎಲ್ಲಿ ಬಂತು, ತೋರ್ಸು! ಒಂದಾದ್ರೂ ಈ ಮೆಟ್ಟಿಲು ಹತ್ತಿತಾ? ಅವು ಇದ್ದಲ್ಲೇ ಇದ್ವು. ನಾನೇ ಹೋದೆ. ಬೋರ್ಡಲ್ಲಿ ಇರೋದು ಇವತ್ತಿಗೂ ನಿಜ!"

ಅವನು ನಕ್ಕು ಒಳಗೆ ಹೋದ. ಅಜ್ಜಿಗೆ ಆಗಲೇ ಅನುಮಾನ ಬರಬೇಕಿತ್ತು.

ಅಂದು ಬಂದವರೆಲ್ಲ ಬೋರ್ಡಿನ ಕಡೆ ಕತ್ತೆತ್ತಿ ನೋಡಿ, ನಗುನಗುತ್ತಲೇ ಒಳಗೆ ಬಂದರು. ಬ್ಯಾಂಕಿನ ಹೆಂಗಸೂ ಬಂದು ಧೈರ್ಯವಾಗಿ ತೋಳು ಸಡಿಲ ಮಾಡಿಸಿಕೊಂಡಳು. ಕೀರ್ತಿ ಊರೆಲ್ಲ ಹಬ್ಬಿರಬೇಕು ಎಂದುಕೊಂಡಳು ಅಜ್ಜಿ. ಸಂಜೆ ಷಟರ್ ಎಳೆಯಲು ಹೊರಗೆ ಬಂದಾಗ ಕತ್ತು ತಾನಾಗಿ ಮೇಲೆ ಹೋಯಿತು. ಕೆಂಪು ಸಾಲಿನ ಕೆಳಗೆ, ಬಟ್ಟೆಗೆ ಗುರುತು ಹಾಕುವ ಬಿಳಿ ಸೀಮೆಸುಣ್ಣದಲ್ಲಿ, ಗುಂಡಿಯ ದುಂಡು ದುಂಡು ಅಕ್ಷರ. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಈ ಸಲ ಕೊನೇ ಸಾಲಿನ ಕೊನೇ ಅಕ್ಷರದವರೆಗೂ!

"ಇಲ್ಲಿಂದ ಹೋದ ಬಟ್ಟೆ ವಾಪಸ್ ಬರುವುದಿಲ್ಲ! ಅಜ್ಜಿಯೇ ಬೆನ್ನಟ್ಟಿ ಬರುತ್ತಾಳೆ!"

ಮೇಜು ಒರೆಸಿದ ಒದ್ದೆ ಬಟ್ಟೆ ಕೈಯಲ್ಲೇ ಇತ್ತು, ಒಮ್ಮೆ ಎಳೆದರೆ ಆ ಸಾಲು ಮಾಯ. ಒಳಗೆ ಫ್ರಾಕಿನ ಮೇಲೆ ಹಳದಿ ಬೆಲ್ಟು ಬಿಗಿದ ಗುಂಡಿ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ರಸ್ತೆಯಾಚೆ ಟೇಪಿನಂಥವನು ಕೈಕಟ್ಟಿ ಕಾಯುತ್ತಿದ್ದ. ಅಜ್ಜಿ ಒದ್ದೆ ಬಟ್ಟೆಯನ್ನು ಹೆಗಲಿಗೆ ಎಸೆದುಕೊಂಡು, ಸೊಂಟ ಇನ್ನೂ ಬಾಗದ ಕಾರಣ, ಬರೀ ಕತ್ತನ್ನು ಬೋರ್ಡಿಗೆ ಬಾಗಿಸಿದಳು.

"ಓಸ್!"